ಲೈಬ್ರರಿ ಕಾರ್ಡ್ ಇದ್ದರೆ ಹಳೇ ಪೇಪರೆಲ್ಲ ಪುಕ್ಕಟೆ ಓದಬಹುದಂತೆ, ನಿಜಾನಾ?

ಸುಮ್ನೆ_ಓದುಗ
ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಹಳೇ ಜಗಳ ಬಗೆಹರಿಸಬೇಕು, ಸಹಾಯ ಮಾಡಿ.

ನನ್ನ ಚಿಕ್ಕಪ್ಪ ನಾನು ಹುಟ್ಟಿದಾಗಿನಿಂದ ಒಂದೇ ಕತೆ ಹೇಳುತ್ತಿದ್ದಾರೆ. 1986ರಲ್ಲಿ ಹ್ಯಾಲಿ ಧೂಮಕೇತು ಬಂತಲ್ಲ, ಆಗ ಒಂದು ದೊಡ್ಡ ಇಂಗ್ಲಿಷ್ ಪತ್ರಿಕೆಗೆ ಪತ್ರ ಬರೆದಿದ್ದರಂತೆ. "ನೀವು ಬರೆದಷ್ಟು ಏನೂ ಕಾಣಲಿಲ್ಲ, ಎಲ್ಲಿ ಸ್ವಾಮಿ ನಿಮ್ಮ ಧೂಮಕೇತು" ಅಂತ. ಸಂಪಾದಕರು ಅದನ್ನು ಕಾಲು ಪುಟ ಹಾಕಿದರಂತೆ. ಕತ್ತರಿಸಿ ಇಟ್ಟುಕೊಂಡಿದ್ದು ಮನೆ ಬದಲಾಯಿಸುವಾಗ ಕಳೆದುಹೋಯಿತಂತೆ. ಎಲ್ಲಾ ಅಂತೆ ಕಂತೆ. ಮನೆಯಲ್ಲಿ ಯಾರೂ ನಂಬುವುದಿಲ್ಲ, ಅವರು ಬಿಡುವುದಿಲ್ಲ.

ಪತ್ರಿಕೆಯ ಸೈಟಿಗೆ ಹೋದೆ. ಹಳೇ ಸಂಚಿಕೆಗೆ ಚಂದಾ ಕಟ್ಟಿ ಅನ್ನುತ್ತದೆ. ಈಗಾಗಲೇ ಎರಡು ಸುದ್ದಿ ಸೈಟಿಗೆ ಕಟ್ಟುತ್ತಿದ್ದೇನೆ, ಮೂರನೆಯದು ಆಗುವುದಿಲ್ಲ. ಗೆಳತಿಯೊಬ್ಬಳು "ಅಯ್ಯೋ, ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಇದ್ದರೆ ಪತ್ರಿಕೆ, ಸಂಶೋಧನಾ ಲೇಖನ ಎಲ್ಲಾ ಫ್ರೀ" ಅಂದಳು. ನಿಜಾನಾ? ಇಷ್ಟು ದಿನ ನಾನು ಲೈಬ್ರರಿ ಅಂದರೆ ಕಾದಂಬರಿ ಮತ್ತು ಫ್ಯಾನ್ ಅಂತ ತಿಳಿದಿದ್ದೆ.

ಜಿಪುಣಶ್ರೇಷ್ಠ
ನಿಜ. ಆ ಎರಡು ಚಂದಾ ನಿಲ್ಲಿಸುವ ಮೊದಲು ನಿಮ್ಮ ಲೈಬ್ರರಿಯ ಸೈಟಿನಲ್ಲಿ "ಇ-ಸಂಪನ್ಮೂಲ" ಅಥವಾ "ಡೇಟಾಬೇಸ್" ಅಂತ ಇರುವ ಪುಟ ನೋಡಿ. ಎಲ್ಲೋ ಮೂಲೆಯಲ್ಲಿ ಇರುತ್ತದೆ. ಬೇಕೆಂದೇ ಬಚ್ಚಿಟ್ಟ ಹಾಗೆ.

ಮೌನಿ
ಫ್ಯಾನ್ ಕೂಡ ಫ್ರೀ.

ತಕರಾರು_ತಮ್ಮಯ್ಯ
ಎಲ್ಲಾ ಫ್ರೀ ಅನ್ನುವುದು ಸುಳ್ಳು. ಲೈಬ್ರರಿ ಕಂಪನಿಗಳಿಗೆ ದುಡ್ಡು ಕಟ್ಟುತ್ತದೆ. ಆ ದುಡ್ಡು ಯಾರದ್ದು? ತೆರಿಗೆ ಕಟ್ಟುವವರದ್ದು. ಆದ್ದರಿಂದ "ಈಗಾಗಲೇ ಕಟ್ಟಿ ಆಗಿದೆ" ಅನ್ನಿ, "ಪುಕ್ಕಟೆ" ಅನ್ನಬೇಡಿ.

ಜಿಪುಣಶ್ರೇಷ್ಠ
ಅದನ್ನೇ ಹೇಳುತ್ತಿರುವುದು ತಮ್ಮಯ್ಯನೋರೇ. ಕಟ್ಟಿದ್ದಾಗಿದೆ, ಉಣ್ಣದೆ ಏಳುವುದು ಯಾಕೆ?

ಕಪಾಟಿನ_ಇಲಿ
ನನ್ನ ಅನುಭವ ಹೇಳುತ್ತೇನೆ. ದಿನದ ಪತ್ರಿಕೆ ಓದಲು ಪ್ರೆಸ್‌ರೀಡರ್ ಬಳಸುತ್ತೇನೆ. ಜಗತ್ತಿನ ಸಾವಿರಾರು ಪತ್ರಿಕೆ, ಮ್ಯಾಗಜೀನ್‌ಗಳು, ಅಚ್ಚಾದ ಪುಟ ಹೇಗಿದೆಯೋ ಹಾಗೇ ಕಾಣುತ್ತವೆ. ಜಾಹೀರಾತು ಸಮೇತ. ಮ್ಯಾಗಜೀನ್, ಇ-ಪುಸ್ತಕಕ್ಕೆ ಲಿಬ್ಬಿ ಅನ್ನುವ ಆ್ಯಪ್. ನ್ಯೂಯಾರ್ಕ್ ಟೈಮ್ಸ್ ಬೇರೆ ಥರ. ಕೆಲವು ಲೈಬ್ರರಿಗಳು ಅದಕ್ಕೆ 24 ಗಂಟೆಯ ಪಾಸ್ ಕೊಡುತ್ತವೆ, ಕೆಲವು 72 ಗಂಟೆಯದ್ದು. ಮುಗಿದ ಮೇಲೆ ಮತ್ತೆ ಲೈಬ್ರರಿ ಪುಟಕ್ಕೆ ಹೋಗಿ ಇನ್ನೊಂದು ತೆಗೆದುಕೊಳ್ಳಬೇಕು. ಸ್ವಲ್ಪ ಕಿರಿಕಿರಿ, ಆದರೆ ಎಷ್ಟು ಸಲ ಬೇಕಾದರೂ ತೆಗೆದುಕೊಳ್ಳಬಹುದು.

ಎಲ್ಲಾ ಲೈಬ್ರರಿಯಲ್ಲೂ ಎಲ್ಲವೂ ಇರುವುದಿಲ್ಲ, ನೆನಪಿರಲಿ. ಯಾವುದಕ್ಕೆ ಅವರು ಚಂದಾ ಕಟ್ಟಿದ್ದಾರೋ ಅದು ಮಾತ್ರ.

ಸುಮ್ನೆ_ಓದುಗ
ಪ್ರೆಸ್‌ರೀಡರ್‌ನಲ್ಲಿ 1986 ಸಿಗುತ್ತದಾ?

ಕಪಾಟಿನ_ಇಲಿ
ಇಲ್ಲ ಇಲ್ಲ. ಅದು ಈಚಿನ ಸಂಚಿಕೆಗಳಿಗೆ. ನಿಮಗೆ ಬೇಕಾದದ್ದು ಹಳೇ ಪತ್ರಿಕೆಗಳ ಡೇಟಾಬೇಸ್.

ಕೋಡ್_ಕುಟ್ಟಪ್ಪ
ವೇಬ್ಯಾಕ್ ಮಷೀನ್ ನೋಡಿ ಗುರು. ಇಂಟರ್ನೆಟ್ಟಿನ ಹಳೇದೆಲ್ಲ ಅಲ್ಲೇ ಇದೆ.

ಹಳೇಪೇಪರ್
ಕುಟ್ಟಪ್ಪನೋರೇ, ಅವರು ಕೇಳುತ್ತಿರುವುದು 1986. ವೇಬ್ಯಾಕ್ ನಡೆಸುವ ಇಂಟರ್ನೆಟ್ ಆರ್ಕೈವ್ ಶುರುವಾಗಿದ್ದೇ 1996ರಲ್ಲಿ. ವೆಬ್ ಹುಟ್ಟುವ ಮೊದಲಿನ ಪತ್ರಿಕೆಯನ್ನು ವೇಬ್ಯಾಕ್ ಎಲ್ಲಿಂದ ತರಬೇಕು?

ಕೋಡ್_ಕುಟ್ಟಪ್ಪ
ಸರಿ ಸರಿ, ಸೋತೆ.

ಕೌಂಟರ್_ಹಿಂದಿನವಳು
ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪತ್ರಿಕೆಯ ಡೇಟಾಬೇಸ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ಲೇಖನದ ಅಕ್ಷರ ಇರುತ್ತದೆ. ಫೋಟೋ ಇಲ್ಲ, ಜಾಹೀರಾತು ಇಲ್ಲ, ಲೇಖನ ಪುಟದ ಯಾವ ಮೂಲೆಯಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಎಷ್ಟೋ ಸಲ ಓದುಗರ ಪತ್ರ, ನಿಧನ ವಾರ್ತೆ, ಪಂದ್ಯಗಳ ಅಂಕಪಟ್ಟಿಗಳೂ ಇರುವುದಿಲ್ಲ. ಇನ್ನೊಂದರಲ್ಲಿ ಇಡೀ ಪುಟದ ಚಿತ್ರವೇ ಇರುತ್ತದೆ. ಮೈಕ್ರೋಫಿಲ್ಮ್‌ನಿಂದ, ಅಂದರೆ ಪುಟಗಳ ಫೋಟೋ ಪುಟ್ಟದಾಗಿ ತೆಗೆದಿಟ್ಟ ಫಿಲ್ಮ್ ಸುರುಳಿಯಿಂದ, ಸ್ಕ್ಯಾನ್ ಮಾಡಿದ್ದು. ಪ್ರೋಕ್ವೆಸ್ಟ್‌ನ ಹಿಸ್ಟಾರಿಕಲ್ ನ್ಯೂಸ್‌ಪೇಪರ್ಸ್ ಈ ಜಾತಿಯದ್ದು. ನಿಮಗೆ ಬೇಕಾದದ್ದು ಎರಡನೆಯದು. ಜನ ಮೊದಲನೆಯದರಲ್ಲಿ ಹುಡುಕಿ "ಇಲ್ಲ" ಅಂದುಕೊಂಡು ಹೋಗಿಬಿಡುತ್ತಾರೆ. ದಿನಾ ನೋಡುತ್ತೇನೆ.

ಇನ್ನೊಂದು. ಕೆಲವನ್ನು ಮನೆಯಿಂದಲೇ ಕಾರ್ಡ್ ನಂಬರ್ ಹಾಕಿ ತೆರೆಯಬಹುದು. ಕೆಲವು ಲೈಬ್ರರಿ ಕಟ್ಟಡದ ಒಳಗೆ ಮಾತ್ರ ತೆರೆಯುತ್ತವೆ. ಮನೆಯಲ್ಲಿ ಕೂತು ತೆರೆಯಲಿಲ್ಲ ಅಂದರೆ ನಿಮ್ಮ ಕಾರ್ಡ್ ಕೆಟ್ಟಿದೆ ಅಂತ ಅಲ್ಲ.

ಸುಮ್ನೆ_ಓದುಗ
ಮೇಡಂ, ತುಂಬಾ ಥ್ಯಾಂಕ್ಸ್. ಕಟ್ಟಡದ ಒಳಗೆ ಮಾತ್ರ ಅಂತ ಯಾಕೆ ಹಾಗೆ?

ಕೋಡ್_ಕುಟ್ಟಪ್ಪ
ಇದಕ್ಕೆ ನಾನು ಉತ್ತರ ಹೇಳಬಲ್ಲೆ, ಮರ್ಯಾದೆ ವಾಪಸ್ ಪಡೆಯಬೇಕು. ಡೇಟಾಬೇಸ್ ನಡೆಸುವವರಿಗೆ ನೀವು ಯಾರು ಅಂತ ಗೊತ್ತಿಲ್ಲ. ಅವರು ನೋಡುವುದು ಐಪಿ ವಿಳಾಸ, ಅಂದರೆ ನೀವು ಯಾವ ಇಂಟರ್ನೆಟ್ ಸಂಪರ್ಕದಿಂದ ಬಂದಿರಿ ಅಂತ ತೋರಿಸುವ ನಂಬರ್. ಲೈಬ್ರರಿಯ ಐಪಿಯಿಂದ ಬಂದರೆ ಬಾಗಿಲು ತೆರೆ, ಬೇರೆ ಕಡೆಯಿಂದ ಬಂದರೆ ಮುಚ್ಚು. ಮನೆಯಿಂದ ಹೋಗಬೇಕಾದರೆ ನಡುವೆ ಒಂದು ಪ್ರಾಕ್ಸಿ ಬೇಕು. ನೀವು ಅದಕ್ಕೆ ಕಾರ್ಡ್ ನಂಬರ್, ಪಿನ್ ಕೊಡುತ್ತೀರಿ. ಅದು ಲೈಬ್ರರಿಯ ಹೆಸರಲ್ಲಿ ಹೋಗಿ ಪುಟ ತಂದುಕೊಡುತ್ತದೆ. ಈಜೀಪ್ರಾಕ್ಸಿ ಅನ್ನುವ ಸಾಫ್ಟ್‌ವೇರ್ 1999ರಿಂದಲೂ ಇದೇ ಕೆಲಸ ಮಾಡುತ್ತಿದೆ. ಲೈಸೆನ್ಸಿನಲ್ಲಿ "ಕಟ್ಟಡದ ಒಳಗೆ ಮಾತ್ರ" ಅಂತ ಬರೆದಿದ್ದರೆ ಆ ಪ್ರಾಕ್ಸಿಗೂ ಅನುಮತಿ ಇರುವುದಿಲ್ಲ, ಅಷ್ಟೇ.

ಅದಕ್ಕೇ ಡೇಟಾಬೇಸಿಗೆ ನೇರ ಗೂಗಲ್‌ನಿಂದ ಹೋಗಬೇಡಿ. ಲೈಬ್ರರಿಯ ಪುಟದಲ್ಲಿರುವ ಲಿಂಕ್ ಒತ್ತಿಯೇ ಹೋಗಿ. ನೇರ ಹೋದರೆ ನೀವೂ ದಾರಿಹೋಕರೇ, ದುಡ್ಡು ಕೇಳುತ್ತದೆ.

ಕೌಂಟರ್_ಹಿಂದಿನವಳು
ಕುಟ್ಟಪ್ಪನವರ ಮರ್ಯಾದೆ ವಾಪಸ್ 🙂 ಕೊನೆಯ ಮಾತನ್ನು ನಮ್ಮ ಕೌಂಟರ್ ಮೇಲೆ ಬರೆಸಿ ಹಾಕಬೇಕು ಅನಿಸುತ್ತದೆ.

ಪಿಎಚ್‌ಡಿ_ಮುಗೀತಿಲ್ಲ
ಸಂಶೋಧನಾ ಲೇಖನದ ವಿಷಯ ಯಾರೂ ಎತ್ತಲಿಲ್ಲ. ಸಂಶೋಧನಾ ಪತ್ರಿಕೆಗಳ ಆನ್‌ಲೈನ್ ಸಂಗ್ರಹ ಜೆಸ್ಟೋರ್ ಈಗ ಎಲ್ಲರಿಗೂ ಪೂರ್ತಿ ಫ್ರೀ.

ಮೇಷ್ಟ್ರು_ನಿವೃತ್ತ
ಪೂರ್ತಿ ಅಲ್ಲಪ್ಪ. ಸುಮ್ನೆ ಒಂದು ಖಾತೆ ತೆರೆದರೆ 30 ದಿನಕ್ಕೆ 100 ಲೇಖನ ಆನ್‌ಲೈನ್‌ನಲ್ಲಿ ಓದಬಹುದು, ಇಳಿಸಿಕೊಳ್ಳಲು ಆಗುವುದಿಲ್ಲ. ಮೊದಲು ಇದು ಬರೀ ಆರು ಇತ್ತು. 2020ರಲ್ಲಿ ಕೊರೊನಾ ಬಂದಾಗ ನೂರಕ್ಕೆ ಏರಿಸಿದರು. ಲೈಬ್ರರಿ ಮೂಲಕ ಹೋದರೆ ಅವರ ಚಂದಾದಲ್ಲಿ ಇರುವಷ್ಟನ್ನು ಇಳಿಸಿಕೊಳ್ಳಬಹುದು.

ಇನ್ನೊಂದು ತೊಡಕೂ ಇದೆ. ಜೆಸ್ಟೋರ್‌ನಲ್ಲಿ ಎಷ್ಟೋ ಪತ್ರಿಕೆಗಳ ಹೊಸ ಸಂಚಿಕೆ ಇರುವುದಿಲ್ಲ. ಮೂರರಿಂದ ಐದು ವರ್ಷ ಹಿಂದಿನದ್ದು ಮಾತ್ರ. ಅದನ್ನು "ಸರಿಯುವ ಗೋಡೆ" ಅನ್ನುತ್ತಾರೆ. ವರ್ಷ ಕಳೆದ ಹಾಗೆ ಗೋಡೆಯೂ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಇತಿಹಾಸ ಓದುವ ನನ್ನಂಥವನಿಗೆ ತೊಂದರೆ ಇಲ್ಲ. ಔಷಧದ ಬಗ್ಗೆ ಓದುವವರಿಗೆ ಐದು ವರ್ಷ ಅಂದರೆ ಒಂದು ಯುಗ.

ಪಿಎಚ್‌ಡಿ_ಮುಗೀತಿಲ್ಲ
ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್. ಔಷಧ ಅಂದರೆ ಪಬ್‌ಮೆಡ್ ಇದೆಯಲ್ಲ, ಅಲ್ಲಿ ಎಲ್ಲಾ ಲೇಖನ ಓದಬಹುದು.

ಮೇಷ್ಟ್ರು_ನಿವೃತ್ತ
ಮತ್ತೆ ಅರ್ಧ ಸರಿ! ಪಬ್‌ಮೆಡ್ ಅನ್ನುವುದು ಪಟ್ಟಿ ಮತ್ತು ಸಾರಾಂಶ. ಪೂರ್ತಿ ಲೇಖನ ಇರುವುದು ಪಬ್‌ಮೆಡ್ ಸೆಂಟ್ರಲ್‌ನಲ್ಲಿ. 2000ದಲ್ಲಿ ಶುರುವಾಯಿತು. ಅದಕ್ಕೆ ಲೈಬ್ರರಿ ಕಾರ್ಡೂ ಬೇಡ.

ಮೌನಿ
ಪಿಎಚ್‌ಡಿ ಯಾಕೆ ಮುಗೀತಿಲ್ಲ ಅಂತ ಗೊತ್ತಾಯಿತು.

ಪಿಎಚ್‌ಡಿ_ಮುಗೀತಿಲ್ಲ
ಗಾಯದ ಮೇಲೆ ಉಪ್ಪು 😭

ಆದರೂ ಒಂದು ಉಪಯೋಗದ ಮಾತು ಹೇಳಿಯೇ ಹೋಗುತ್ತೇನೆ. ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗೆ "ಎಲ್ಲಾ ಆವೃತ್ತಿಗಳು" ಅಂತ ಲಿಂಕ್ ಇರುತ್ತದೆ. ಅದನ್ನು ಒತ್ತಿ. ಎಷ್ಟೋ ಸಲ ಲೇಖಕರು ತಮ್ಮ ವಿಶ್ವವಿದ್ಯಾಲಯದ ಸೈಟಿನಲ್ಲಿ ಒಂದು ಪ್ರತಿ ಹಾಕಿರುತ್ತಾರೆ. ಅನ್‌ಪೇವಾಲ್ ಅನ್ನುವ ಬ್ರೌಸರ್ ಎಕ್ಸ್‌ಟೆನ್ಷನ್ ಕೂಡ ಅದೇ ಕೆಲಸ ಮಾಡುತ್ತದೆ. ಕಾನೂನುಬದ್ಧ ಉಚಿತ ಪ್ರತಿ ಎಲ್ಲಿದ್ದರೂ ಹುಡುಕಿ ತೋರಿಸುತ್ತದೆ. ಭೌತಶಾಸ್ತ್ರ, ಗಣಿತ ಆದರೆ ಆರ್ಕೈವ್.

ಹಳೇಪೇಪರ್
ಯಾವ ಆರ್ಕೈವ್? ಇಂಟರ್ನೆಟ್ ಆರ್ಕೈವಾ?

ಪಿಎಚ್‌ಡಿ_ಮುಗೀತಿಲ್ಲ
ಅಲ್ಲ, ಇನ್ನೊಂದು, ಲೇಖಕರೇ ತಮ್ಮ ಲೇಖನ ಹಾಕುವ ಉಚಿತ ಸೈಟು. ನಡುವೆ ಎಕ್ಸ್ ಅಕ್ಷರ ಬರೆಯುತ್ತಾರೆ, ಓದುವಾಗ ಆರ್ಕೈವ್ ಅಂತಲೇ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರು ಮಾಡಿದ್ದು. ಎರಡಕ್ಕೂ ಒಂದೇ ಉಚ್ಚಾರಣೆ, ಯಾರ ತಪ್ಪೋ ಗೊತ್ತಿಲ್ಲ, ನನ್ನದಂತೂ ಅಲ್ಲ.

ಜಿಪುಣಶ್ರೇಷ್ಠ
ಇಷ್ಟೆಲ್ಲ ಯಾಕೆ, ದುಡ್ಡಿನ ಲೇಖನವನ್ನೂ ಅನುಮತಿ ಇಲ್ಲದೆ ಪುಕ್ಕಟೆ ಕೊಡುವ ಸೈ-ಹಬ್ ಸೈಟು ಇಲ್ವಾ?

ತಕರಾರು_ತಮ್ಮಯ್ಯ
ಅದು ಕಾನೂನುಬಾಹಿರ ಸ್ವಾಮಿ. ಇಲ್ಲಿ ಕೇಳಿರುವುದು ಲೈಬ್ರರಿ ಬಗ್ಗೆ.

ಜಿಪುಣಶ್ರೇಷ್ಠ
ಸಂಶೋಧನೆಗೆ ದುಡ್ಡು ಸರ್ಕಾರದ್ದು. ಬರೆದವರಿಗೆ ಪತ್ರಿಕೆ ಸಂಬಳ ಕೊಡುವುದಿಲ್ಲ. ಪರಿಶೀಲಿಸಿದವರಿಗೂ ಕೊಡುವುದಿಲ್ಲ. ಕೊನೆಗೆ ಓದುವವನಿಗೆ ಬೀಗ. ಯಾರು ಕಳ್ಳರು ಅನ್ನುವುದನ್ನು ನಿಧಾನವಾಗಿ ಯೋಚಿಸಿ.

ತಕರಾರು_ತಮ್ಮಯ್ಯ
ಆ ಸಿಟ್ಟು ನನಗೂ ಇದೆ. ಆದರೆ ಕದ್ದು ಓದಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಲೈಬ್ರರಿ ಮೂಲಕ ಓದಿದ್ದು ಬರುತ್ತದೆ. ಮೇಡಂ ಹೇಳಲಿ, ಸರಿಯಾ ತಪ್ಪಾ?

ಕೌಂಟರ್_ಹಿಂದಿನವಳು
ಸರಿ. ಪ್ರತಿ ಡೇಟಾಬೇಸಿಗೂ ಬಳಕೆಯ ವರದಿ ಬರುತ್ತದೆ. ಎಷ್ಟು ಹುಡುಕಾಟ, ಎಷ್ಟು ಲೇಖನ ತೆರೆದರು, ಎಲ್ಲಾ. ಈ ಲೆಕ್ಕದ ಪದ್ಧತಿಯ ಹೆಸರೇ ಕೌಂಟರ್. (ನನ್ನ ಹೆಸರು ಅದರಿಂದ ಬಂದದ್ದಲ್ಲ, ನಾನು ನಿಜವಾದ ಕೌಂಟರ್ ಹಿಂದೆ ಕೂರುವವಳು.) ಚಂದಾ ಮುಂದುವರಿಸಬೇಕಾ ಬೇಡವಾ ಅಂತ ಮೀಟಿಂಗ್ ಆದಾಗ ಮೊದಲು ನೋಡುವುದೇ ಆ ಅಂಕಿ. ಯಾರಿಗೂ ಗೊತ್ತಿಲ್ಲದ ಕಾರಣಕ್ಕೆ ಯಾರೂ ಬಳಸುವುದಿಲ್ಲ. ಯಾರೂ ಬಳಸಲಿಲ್ಲ ಅಂತ ನಿಲ್ಲಿಸುತ್ತಾರೆ. ಹೀಗೆ ಹೋದ ಒಂದು ಒಳ್ಳೇ ಹಳೇ ಪತ್ರಿಕೆಗಳ ಸಂಗ್ರಹಕ್ಕೆ ನಾನು ಇವತ್ತಿಗೂ ಮರುಗುತ್ತೇನೆ. ಅದು ಹೋದ ಮರು ತಿಂಗಳು ಒಬ್ಬರು ಬಂದು ಅದನ್ನೇ ಕೇಳಿದರು.

ಅಡ್ಡಗೆರೆ
ತಡವಾಗಿ ಬಂದೆ. ನಾನು ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಓದುಗರ ಪತ್ರಗಳ ಅಂಕಣವೂ ಕೆಲವು ಕಾಲ ನನ್ನ ತಲೆಗೇ ಇತ್ತು. ಆದ್ದರಿಂದ ಚಿಕ್ಕಪ್ಪನ "ಕಾಲು ಪುಟ" ನನಗೆ ಸ್ವಲ್ಪ ಅನುಮಾನ. ನಾವು ಪತ್ರ ಕತ್ತರಿಸುತ್ತಿದ್ದ ರೀತಿ ನೋಡಿದ್ದರೆ ಬರೆದವರು ಎರಡನೇ ಪತ್ರ ಬರೆಯುತ್ತಿರಲಿಲ್ಲ.

ಡೇಟಾಬೇಸಿನಲ್ಲಿ "ಇಲ್ಲ" ಅಂತ ಬಂದರೆ "ಅಚ್ಚಾಗಿಲ್ಲ" ಅಂತ ತೀರ್ಮಾನಿಸಬೇಡಿ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಟಾಸಿನಿ ಮೊಕದ್ದಮೆ ಅಂತ ಒಂದು ಬಂತು. ಹವ್ಯಾಸಿ ಬರಹಗಾರರು ನ್ಯೂಯಾರ್ಕ್ ಟೈಮ್ಸ್ ಮತ್ತಿತರರ ಮೇಲೆ ಹಾಕಿದ್ದು. ನಾವು ಪತ್ರಿಕೆಗೆ ಬರೆದುಕೊಟ್ಟೆವು, ಡೇಟಾಬೇಸಿಗೆ ಅಲ್ಲ, ಕೇಳದೆ ಹೇಗೆ ಹಾಕಿದಿರಿ ಅಂತ. ಬರಹಗಾರರು ಗೆದ್ದರು. ಪರಿಣಾಮ ಏನಾಯಿತು ಗೊತ್ತಾ? ಪ್ರಕಾಶಕರು ಅಂಥ ಲೇಖನಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಕ್ಷರರೂಪದ ಡೇಟಾಬೇಸಿನಿಂದ ತೆಗೆದುಹಾಕಿದರು. ಗೆದ್ದವರ ಬರಹವೇ ಮಾಯ. ಇವತ್ತಿಗೂ ಕೆಲವು ಡೇಟಾಬೇಸಿನಲ್ಲಿ ಆ ತೂತುಗಳು ಹಾಗೇ ಇವೆ. ಮೈಕ್ರೋಫಿಲ್ಮ್‌ಗೆ ಈ ತೊಂದರೆ ಬರಲಿಲ್ಲ, ಯಾಕೆಂದರೆ ಅಲ್ಲಿ ಪುಟ ಇಡಿಯಾಗಿ ಇರುತ್ತದೆ. ಕೋರ್ಟು ನೋಡಿದ್ದೂ ಅದೇ ವ್ಯತ್ಯಾಸವನ್ನು. ಲೇಖನವನ್ನು ಪುಟದಿಂದ ಕಿತ್ತು ಒಂಟಿಯಾಗಿ ಕೊಡುವುದು ಬೇರೆ, ಪುಟವನ್ನೇ ಕೊಡುವುದು ಬೇರೆ.

ಮೇಷ್ಟ್ರು_ನಿವೃತ್ತ
ಇದು ನನಗೆ ಗೊತ್ತಿರಲಿಲ್ಲ. ಎಷ್ಟೋ ಸಲ ವಿದ್ಯಾರ್ಥಿಗಳಿಗೆ "ಡೇಟಾಬೇಸಿನಲ್ಲಿ ಇಲ್ಲ ಅಂದರೆ ಇಲ್ಲ" ಅಂತ ಹೇಳಿಬಿಟ್ಟಿದ್ದೇನೆ. ತಪ್ಪಾಯಿತು.

ಹಳೇಪೇಪರ್
ಮೈಕ್ರೋಫಿಲ್ಮ್ ಅಂದ ಕೂಡಲೇ ಮೂಗಿಗೆ ವಾಸನೆ ಬಂತು. ಹಳೇ ಅಸಿಟೇಟ್ ಫಿಲ್ಮ್ ಕೆಡಲು ಶುರುವಾದರೆ ಹುಳಿ ವಾಸನೆ ಬರುತ್ತದೆ, ವಿನೆಗರ್ ಥರ. ಒಂದು ಸುರುಳಿಗೆ ಬಂದರೆ ಪಕ್ಕದ್ದಕ್ಕೂ ಅಂಟುತ್ತದೆ. ಅದನ್ನು ಓದುವ ಯಂತ್ರದ ಹಿಡಿ ತಿರುಗಿಸಿ ತಿರುಗಿಸಿ ನನಗೆ ಭುಜ ನೋವು ಬಂದದ್ದುಂಟು. ತಲೆಸುತ್ತು ಬೇರೆ. ಆದರೆ ಬೇಕಾದ್ದನ್ನು ಹುಡುಕಲು ಹೋಗಿ ಬೇಡದ ಹತ್ತು ಸುದ್ದಿ ಓದುವ ಸುಖ ಹುಡುಕುಪೆಟ್ಟಿಗೆಯಲ್ಲಿ ಎಲ್ಲಿದೆ?

ಮೌನಿ
ಭುಜನೋವಿನ ಸುಖ.

ಕಪಾಟಿನ_ಇಲಿ
ಆ ಸುಖ ಬೇಕು ಅನ್ನುವವರಿಗೆ ಟ್ರೋವ್ ಇದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಆನ್‌ಲೈನ್ ಹಳೇ ಪತ್ರಿಕೆ ಸಂಗ್ರಹ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಇನ್ನೊಂದು. ಇವಕ್ಕೆ ಕಾರ್ಡ್ ಬೇಡ, ಲಾಗಿನ್ ಬೇಡ, ಜಗತ್ತಿನ ಎಲ್ಲಿಂದ ಬೇಕಾದರೂ ನೋಡಬಹುದು. ಟ್ರೋವ್‌ನಲ್ಲಿ ಸ್ಕ್ಯಾನ್ ಮಾಡಿದ ಪುಟದಿಂದ ಕಂಪ್ಯೂಟರ್ ತಪ್ಪಾಗಿ ಓದಿದ ಸಾಲುಗಳನ್ನು ಓದುಗರೇ ತಿದ್ದುತ್ತಾರೆ. ರಾತ್ರಿ ನಿದ್ದೆ ಬರದಾಗ ನಾನೂ ತಿದ್ದಿದ್ದೇನೆ. ಯಾವುದೋ ಊರಿನ ಯಾರದೋ ಕುದುರೆ ಕಳೆದುಹೋದ ಜಾಹೀರಾತು. ಕುದುರೆ ಸಿಕ್ಕಿತಾ ಅಂತ ಮುಂದಿನ ಆರು ವಾರದ ಸಂಚಿಕೆ ಹುಡುಕಿದೆ. ಸಿಗಲಿಲ್ಲ. ಕುದುರೆಯೂ, ಸುದ್ದಿಯೂ.

ಸುಮ್ನೆ_ಓದುಗ
ಕುದುರೆ ಬಿಟ್ಟು ಧೂಮಕೇತುವಿಗೆ ಬನ್ನಿ ದಯವಿಟ್ಟು 😀

ಇವತ್ತಿನ ವರದಿ. ನಿನ್ನೆ ರಾತ್ರಿ ತಾಳ್ಮೆಗೆಟ್ಟು ಒಂದು ಎಐ ಚಾಟ್‌ಬಾಟ್‌ಗೆ ಕೇಳಿದೆ. ತಕ್ಷಣ ತಾರೀಖು, ಪುಟಸಂಖ್ಯೆ ಸಮೇತ ಚಿಕ್ಕಪ್ಪನ ಪತ್ರ ಕೊಟ್ಟಿತು! ಕುಣಿದಾಡಿದೆ. ಆಮೇಲೆ ನೋಡಿದರೆ ಅದರಲ್ಲಿ ಚಿಕ್ಕಪ್ಪ ಸಂಪಾದಕರಿಗೆ "ನಿಮ್ಮ ಅಮೂಲ್ಯ ವರದಿಗೆ ಹೃತ್ಪೂರ್ವಕ ಧನ್ಯವಾದ" ಅಂದಿದ್ದಾರೆ. ನಮ್ಮ ಚಿಕ್ಕಪ್ಪ ಜನ್ಮದಲ್ಲಿ ಯಾರಿಗೂ ಧನ್ಯವಾದ ಹೇಳಿದವರಲ್ಲ. ಪತ್ರವನ್ನು ಅದೇ ಕಟ್ಟಿತ್ತು.

ಬೆಳಗ್ಗೆ ಲೈಬ್ರರಿಗೆ ಹೋದೆ. ಕಾರ್ಡ್ ಅವಧಿ ಮುಗಿದು ಎಷ್ಟೋ ಕಾಲ ಆಗಿತ್ತು, ಹೊಸದು ಮಾಡಿಸಿದೆ, ಹತ್ತು ನಿಮಿಷದ ಕೆಲಸ. ಪುಟಗಳ ಚಿತ್ರ ಇರುವ ಡೇಟಾಬೇಸ್ ಅವರಲ್ಲಿದೆ, ಆದರೆ ಮೇಡಂ ಹೇಳಿದ ಹಾಗೆ ಕಟ್ಟಡದ ಒಳಗೆ ಮಾತ್ರ. ಕೂತೆ. ಚಿಕ್ಕಪ್ಪನ ಹೆಸರು ಹಾಕಿದೆ. ಸೊನ್ನೆ. ಹ್ಯಾಲಿ, ಧೂಮಕೇತು, 1986 ಅಂತ ಹಾಕಿದೆ. ನೂರಾರು ಬಂತು. ಎಲ್ಲಾ ವರದಿಗಳು, ಪತ್ರ ಒಂದೂ ಇಲ್ಲ. ಎರಡು ಗಂಟೆ ಹೋಯಿತು. ಮೂರು ಚಂದಾ ಕಟ್ಟುವುದೇ ಸುಲಭ ಅನಿಸಿತು.

ಕೌಂಟರ್_ಹಿಂದಿನವಳು
ಅಯ್ಯೋ, ಎರಡು ಗಂಟೆ ಒಬ್ಬರೇ ಕೂತಿರಾ? ಅಲ್ಲಿದ್ದವರನ್ನು ಕೇಳಬೇಕಿತ್ತು. ಕೇಳಿದರೆ ತೊಂದರೆ ಕೊಟ್ಟಂತೆ ಅಂತ ಜನ ಅಂದುಕೊಳ್ಳುತ್ತಾರೆ. ನಮಗೆ ಇಂಥದ್ದು ಸಿಕ್ಕರೆ ಹಬ್ಬ. ದಿನವಿಡೀ "ಪ್ರಿಂಟರ್ ಎಲ್ಲಿ", "ಟಾಯ್ಲೆಟ್ ಎಲ್ಲಿ" ಕೇಳಿ ಕೇಳಿ ಸಾಕಾಗಿರುತ್ತದೆ.

ಹೀಗೆ ಮಾಡಿ. ಹೆಸರನ್ನು ಮರೆತುಬಿಡಿ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದುವಾಗ ಹೆಸರುಗಳಲ್ಲೇ ತಪ್ಪು ಜಾಸ್ತಿ. ಮೊಳೆ ಜೋಡಿಸಿದವರೂ ತಪ್ಪು ಮಾಡಿರಬಹುದು. "ಮುಂದುವರಿದ ಹುಡುಕಾಟ"ದಲ್ಲಿ ದಾಖಲೆಯ ಬಗೆ ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ "ಸಂಪಾದಕರಿಗೆ ಪತ್ರ" ಮಾತ್ರ ಟಿಕ್ ಮಾಡಿ. ಪದ ಬರೀ "ಕಾಮೆಟ್". ಹ್ಯಾಲಿ ಬೇಡ. ಅದನ್ನು ಜನ ನಾಲ್ಕು ಥರ ಬರೆಯುತ್ತಿದ್ದರು.

ಹಳೇಪೇಪರ್
ಯಂತ್ರದ ಓದು ನಂಬಲೇಬೇಡಿ. ಹದಿನೆಂಟನೇ ಶತಮಾನದ ಇಂಗ್ಲಿಷ್ ಅಚ್ಚಿನಲ್ಲಿ ಎಸ್ ಅಕ್ಷರ ಎಷ್ಟೋ ಕಡೆ ಎಫ್ ಥರ ಕಾಣುತ್ತದೆ, ಯಂತ್ರ ಎಫ್ ಅಂತಲೇ ಓದುತ್ತದೆ. ಹಾಗಾಗಿ ಅಲ್ಲಿ ಹುಡುಕುವಾಗ ಬೇಕೆಂದೇ ತಪ್ಪು ಕಾಗುಣಿತ ಹಾಕಬೇಕು. ಕನ್ನಡದ ಹಳೇ ಪುಟಗಳ ಕತೆ ಕೇಳಬೇಡಿ. ಒತ್ತಕ್ಷರ ಬಂದ ಕಡೆಯೆಲ್ಲ ಯಂತ್ರ ಎಡವುತ್ತದೆ.

ನಕ್ಷತ್ರ_ಕಾಯುವವ
ಇಡೀ ಚರ್ಚೆ ಓದಿದೆ, ಒಂದು ಮಾತು ಯಾರೂ ಹೇಳಲಿಲ್ಲ. ನೀವು 1986 ಅಂತ ಯಾಕೆ ಹಿಡಿದುಕೊಂಡಿದ್ದೀರಿ?

ಹ್ಯಾಲಿ ಸೂರ್ಯನಿಗೆ ಹತ್ತಿರ ಹೋದದ್ದು 1986 ಫೆಬ್ರುವರಿ 9. ಆಗ ಅದು ಸೂರ್ಯನ ಆಚೆ ಬದಿಯಲ್ಲಿತ್ತು, ನಮಗೆ ಕಾಣುವಂತೆಯೇ ಇರಲಿಲ್ಲ. ಭೂಮಿಗೆ ಎರಡು ಸಲ ಸಮೀಪ ಬಂತು. ಸೂರ್ಯನ ಕಡೆ ಹೋಗುವಾಗ 1985 ನವೆಂಬರ್ 27ರ ಸುಮಾರಿಗೆ, ವಾಪಸ್ ಬರುವಾಗ 1986 ಏಪ್ರಿಲ್ 11ರ ಸುಮಾರಿಗೆ. ಮೊದಲ ಸಲ ಬರಿಗಣ್ಣಿಗೆ ಬಹಳ ಮಂಕು. ಬೈನಾಕ್ಯುಲರ್ ಬೇಕಿತ್ತು. ಪತ್ರಿಕೆಗಳು ಮಾತ್ರ ಆಗಲೇ ಡೋಲು ಬಡಿಯಲು ಶುರು ಮಾಡಿದ್ದವು. "ಎಲ್ಲಿ ಸ್ವಾಮಿ ಧೂಮಕೇತು" ಅಂತ ಕೇಳುವ ಮನುಷ್ಯ ಮೊದಲ ನಿರಾಸೆಗೇ ಬರೆದಿರುತ್ತಾನೆ. 1985ರ ಡಿಸೆಂಬರ್ ನೋಡಿ.

ತಕರಾರು_ತಮ್ಮಯ್ಯ
ಇದಪ್ಪಾ ಉತ್ತರ ಅಂದರೆ.

ಮೇಷ್ಟ್ರು_ನಿವೃತ್ತ
ನೆನಪು ವರ್ಷವನ್ನು ದುಂಡಗೆ ಮಾಡಿಕೊಳ್ಳುತ್ತದೆ. "ಹ್ಯಾಲಿ ವರ್ಷ" ಅಂದರೆ ಎಲ್ಲರಿಗೂ 86. ನಾನೂ ಹಾಗೇ ಹೇಳುತ್ತಿದ್ದೆ.

ಜಿಪುಣಶ್ರೇಷ್ಠ
ಕಾಯುತ್ತಿರುವಾಗ ಇನ್ನೊಂದು ಉಪಾಯ. ವಿಕಿಪೀಡಿಯಾದಲ್ಲಿ ಬರೆಯುವವರಿಗೆ "ವಿಕಿಪೀಡಿಯಾ ಲೈಬ್ರರಿ" ಅಂತ ಇದೆ. ಖಾತೆಗೆ ಆರು ತಿಂಗಳು ಆಗಿರಬೇಕು, 500 ಸಂಪಾದನೆ (ಅಂದರೆ ಪುಟಗಳಲ್ಲಿ ತಿದ್ದುಪಡಿ) ಮಾಡಿರಬೇಕು, ಕಳೆದ ತಿಂಗಳಲ್ಲಿ ಹತ್ತಾದರೂ ಇರಬೇಕು. ಅಷ್ಟಿದ್ದರೆ ಜೆಸ್ಟೋರ್, ಪ್ರೋಕ್ವೆಸ್ಟ್ ಥರದ್ದೆಲ್ಲ ತೆರೆಯುತ್ತದೆ. ಕನ್ನಡ ವಿಕಿಪೀಡಿಯಾದಲ್ಲಿ ಮಾಡಿದ ಸಂಪಾದನೆಯೂ ಲೆಕ್ಕಕ್ಕೆ ಬರುತ್ತದೆ.

ಮೌನಿ
500 ಅಲ್ಪವಿರಾಮ ತಿದ್ದಿದರೆ ಆಗುತ್ತದಾ?

ಜಿಪುಣಶ್ರೇಷ್ಠ
ನನ್ನವು ಬಹುಪಾಲು ಅವೇ.

ಕೋಡ್_ಕುಟ್ಟಪ್ಪ
ಇ-ಪುಸ್ತಕದ ಬಗ್ಗೆ ಒಂದು ಗೊಣಗಾಟ. ಇ-ಪುಸ್ತಕಕ್ಕೂ ಕಾಯುವ ಸಾಲು ಯಾಕೆ? ಅದು ಫೈಲ್ ಅಲ್ವಾ, ಕಾಪಿ ಮಾಡಿದರೆ ಮುಗಿಯಿತು.

ಕೌಂಟರ್_ಹಿಂದಿನವಳು
ಲೈಬ್ರರಿ ಕೊಂಡದ್ದು ಫೈಲನ್ನಲ್ಲ, ಓದಿಸುವ ಅನುಮತಿಯನ್ನು. ಒಂದು ಅನುಮತಿಗೆ ಒಂದು ಸಲಕ್ಕೆ ಒಬ್ಬರು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಒಂದು ಹೆಜ್ಜೆ ಮುಂದೆ ಹೋಯಿತು. 26 ಸಲ ಎರವಲು ಕೊಟ್ಟ ಮೇಲೆ ಇ-ಪುಸ್ತಕದ ಅನುಮತಿ ಮುಗಿಯುತ್ತದೆ, ಮತ್ತೆ ಕೊಳ್ಳಿ ಅಂದಿತು. ಅಷ್ಟು ಹೊತ್ತಿಗೆ ಕಾಗದದ ಪುಸ್ತಕವೂ ಹರಿದಿರುತ್ತದೆ ಅನ್ನುವ ಲೆಕ್ಕ. ನಮ್ಮ ಕಪಾಟಿನಲ್ಲಿ ನೂರು ಸಲ ಹೋಗಿ ಬಂದ ಪುಸ್ತಕಗಳು ಗಟ್ಟಿಯಾಗಿ ನಿಂತು ನಗುತ್ತಿವೆ.

ಕಪಾಟಿನ_ಇಲಿ
ಖಾಸಗಿತನದ ವಿಷಯವೂ ಹೇಳಿ ಮೇಡಂ. ನಾನು ಏನು ಓದಿದೆ ಅಂತ ಯಾರಿಗೆಲ್ಲ ಗೊತ್ತಾಗುತ್ತದೆ?

ಕೌಂಟರ್_ಹಿಂದಿನವಳು
ನಾವು ಇಟ್ಟುಕೊಳ್ಳುವುದು ಕಡಿಮೆ. ಆದರೆ ಆ್ಯಪ್‌ಗಳು ಹೊರಗಿನವರದ್ದು, ಅವರ ನಿಯಮ ಬೇರೆ. 2014ರಲ್ಲಿ ಅಡೋಬಿಯ ಇ-ಪುಸ್ತಕ ತಂತ್ರಾಂಶ ಓದುಗರ ವಿವರವನ್ನು ಗೂಢಲಿಪಿ ಇಲ್ಲದೆ ಬರಿ ಅಕ್ಷರದಲ್ಲಿ ಕಳಿಸುತ್ತಿದೆ ಅಂತ ಬಯಲಾಗಿತ್ತು. ಆಮೇಲೆ ಸರಿ ಮಾಡಿದರು. ಆ್ಯಪ್‌ನಲ್ಲಿ ಬೇರೆ ಖಾತೆ ತೆರೆಯಿರಿ ಅಂದರೆ ನನಗಂತೂ ಒಂದು ಕ್ಷಣ ಕೈ ತಡೆಯುತ್ತದೆ. ಕಾರ್ಡ್ ನಂಬರ್ ಸಾಕಾಗುವ ಕಡೆ ಅಷ್ಟೇ ಕೊಡಿ.

ಹಳೇಪೇಪರ್
ಇನ್ನೊಂದು ಭಯ. ಎಲ್ಲಾ ಡಿಜಿಟಲ್ ಆಯಿತು ಅಂತ ಕಾಗದ ಎಸೆಯಬೇಡಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆಗಿ ತಿಂಗಳುಗಟ್ಟಲೆ ಎಷ್ಟೋ ಸೇವೆ ನಿಂತುಹೋಗಿತ್ತು. ಮರು ವರ್ಷ ಅದೇ ತಿಂಗಳು ಇಂಟರ್ನೆಟ್ ಆರ್ಕೈವ್ ಸರದಿ.

ತಕರಾರು_ತಮ್ಮಯ್ಯ
ಕಾಗದಕ್ಕೆ ಗೆದ್ದಲು ಹಿಡಿಯುವುದಿಲ್ಲವಾ?

ಹಳೇಪೇಪರ್
ಹಿಡಿಯುತ್ತದೆ. ಅದಕ್ಕೇ ಎರಡೂ ಇರಲಿ ಅನ್ನುವುದು.

ಸುಮ್ನೆ_ಓದುಗ
ಸಿಕ್ಕಿತು!!!

ಎಲ್ಲರೂ ಕೂತುಕೊಳ್ಳಿ, ಹೇಳುತ್ತೇನೆ. ಇವತ್ತು ನೇರ ಕೌಂಟರಿಗೆ ಹೋಗಿ "ಧೂಮಕೇತು ಹುಡುಕಬೇಕು" ಅಂದೆ. ಅಲ್ಲಿದ್ದವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ದಾಖಲೆಯ ಬಗೆ ಸಂಪಾದಕರಿಗೆ ಪತ್ರ. ಪದ ಕಾಮೆಟ್. 1985 ನವೆಂಬರ್‌ನಿಂದ 1986 ಮೇ. ಹನ್ನೊಂದು ಪತ್ರ ಬಂದವು. ಏಳನೆಯದು ನಮ್ಮದು. ತಾರೀಖು 1985ರ ಡಿಸೆಂಬರ್! ನಕ್ಷತ್ರ ಕಾಯುವವರೇ, ನಿಮಗೆ ಸಾಷ್ಟಾಂಗ.

ಹೆಸರು ಯಾಕೆ ಸಿಗಲಿಲ್ಲ ಅಂತಲೂ ಗೊತ್ತಾಯಿತು. ಯಂತ್ರದ ತಪ್ಪಲ್ಲ. ಪತ್ರಿಕೆಯವರೇ ಮೊದಲಕ್ಷರ ಬದಲಾಯಿಸಿ, ನಡುವೆ ಒಂದು ಅಕ್ಷರ ನುಂಗಿ ಅಚ್ಚು ಹಾಕಿದ್ದಾರೆ. ಚಿಕ್ಕಪ್ಪ ಈ ವಿಷಯ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಇನ್ನು ಕಾಲು ಪುಟದ ವಿಷಯ. ಐದು ಸಾಲು. ಕೆಳಗಿನ ಮೂಲೆಯಲ್ಲಿ. ಪಕ್ಕದಲ್ಲೇ ಅದರ ನಾಲ್ಕರಷ್ಟು ದೊಡ್ಡ ಜಾಹೀರಾತು, ಬೈನಾಕ್ಯುಲರ್‌ನದ್ದು.

ನಕ್ಷತ್ರ_ಕಾಯುವವ
ಬೈನಾಕ್ಯುಲರ್! ಕೊಂಡಿದ್ದರೆ ಕಾಣುತ್ತಿತ್ತು.

ಕೌಂಟರ್_ಹಿಂದಿನವಳು
ಆ ಜಾಹೀರಾತು ಬರೀ ಅಕ್ಷರದ ಡೇಟಾಬೇಸಿನಲ್ಲಿ ಸಿಗುತ್ತಿತ್ತಾ ಹೇಳಿ! ಪುಟವನ್ನು ಪಿಡಿಎಫ್ ಮಾಡಿ ಇಳಿಸಿಕೊಂಡಿರಾ? ತಾರೀಖು, ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ಲಿಂಕ್ ಮಾತ್ರ ಇಟ್ಟುಕೊಂಡರೆ ಮನೆಯಲ್ಲಿ ತೆರೆಯುವುದಿಲ್ಲ.

ಸುಮ್ನೆ_ಓದುಗ
ಇಳಿಸಿದೆ ಮೇಡಂ. ಪ್ರಿಂಟೂ ತೆಗೆದೆ. ಪ್ರಿಂಟರ್ ಎಲ್ಲಿ ಅಂತಲೂ ಕೇಳಿದೆ, ಕ್ಷಮಿಸಿ.

ಜಿಪುಣಶ್ರೇಷ್ಠ
ಮೂರನೇ ಚಂದಾ ಉಳಿಯಿತು. ಎರಡನ್ನೂ ಯಾವಾಗ ನಿಲ್ಲಿಸುತ್ತೀರಿ?

ಸುಮ್ನೆ_ಓದುಗ
ಒಂದನ್ನು ನಿಲ್ಲಿಸಿದೆ. ಅದು ಲೈಬ್ರರಿಯಲ್ಲಿ ಸಿಗುತ್ತದೆ. ಇನ್ನೊಂದು ಸಣ್ಣ ಪತ್ರಿಕೆ, ಯಾವ ಡೇಟಾಬೇಸಿನಲ್ಲೂ ಇಲ್ಲ. ನಾವು ನಾಲ್ಕು ಜನ ಕಟ್ಟದಿದ್ದರೆ ಮುಚ್ಚಿಹೋಗುತ್ತದೆ. ಅದು ಇರಲಿ.

ತಕರಾರು_ತಮ್ಮಯ್ಯ
ಇದಕ್ಕೆ ನನ್ನ ತಕರಾರಿಲ್ಲ. ದಾಖಲೆ ಮಾಡಿಕೊಳ್ಳಿ.

ಅಡ್ಡಗೆರೆ
ಚಿಕ್ಕಪ್ಪ ಏನಂದರು ಅದನ್ನು ಹೇಳಿ ಮೊದಲು.

ಸುಮ್ನೆ_ಓದುಗ
ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಉಳಿದ ಮೂರು ಪುಟ ಎಲ್ಲಿ?" ಅಂದರು. ಇಷ್ಟೇ ಅಚ್ಚಾಗಿದ್ದು ಅಂದೆ. "ಯಾವನೋ ಕತ್ತರಿಸಿದ್ದಾನೆ" ಅಂತ ಈಗ ಹೊಸ ಕತೆ ಶುರುವಾಗಿದೆ.

ಅಡ್ಡಗೆರೆ
1985ರಲ್ಲಿ ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ ಅಂತ ಅವರಿಗೆ ತಿಳಿಸಿ.